ಹಡಗಿನಲ್ಲಿ ಬಂದ ಮನೆ

ಹೆದ್ದಾರಿಗಳ ಬದಿಯಲ್ಲಿ ಕಬ್ಬಿಣದ ದೊಡ್ಡ ಪೆಟ್ಟಿಗೆಗಳಿಗೆ ಬಾಗಿಲು, ಕಿಟಕಿ ಕೊರೆದು ಮಾಡಿದ ಹೋಟೆಲು, ಕಚೇರಿಗಳು ಈಗ ಕಣ್ಣಿಗೆ ಬೀಳುತ್ತವೆ. ಹಡಗುಗಳು ಸರಕು ಹೊತ್ತು ತರುವ ಕಂಟೇನರುಗಳ ಇನ್ನೊಂದು ಅವತಾರ ಇದು. ಇವುಗಳನ್ನೇ ಮನೆ ಮಾಡಿಕೊಂಡು ಬದುಕುವವರೂ ಜಗತ್ತಿನ ಹಲವೆಡೆ ಇದ್ದಾರೆ. ಇದು ತೀರಾ ಹೊಸ ಯೋಚನೆ ಎಂದು ಅನೇಕರ ಭಾವನೆ. ಆದರೆ ಹಡಗಿನಲ್ಲಿ ಬಂದಿಳಿದ ತಗಡಿನ ಮನೆಗೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಇತಿಹಾಸವುಂಟು.

ಈ ಕಥೆಯ ಮೊದಲ ಅಧ್ಯಾಯವೂ ಬಂದರಿನಲ್ಲೇ ಆರಂಭವಾಗುತ್ತದೆ. ಲಂಡನ್ ಬಂದರು ಕಟ್ಟೆಯ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಹೆನ್ರಿ ಪಾಮರ್ 1829ರಲ್ಲಿ ಅಲೆಅಲೆಯಾಗಿ ಮಡಿಸಿದ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದ. ಚಪ್ಪಟೆಯಾದ ತೆಳು ತಗಡು ಬೇಗ ಬಾಗುತ್ತದೆ. ಅದಕ್ಕೇ ಮಡಿಕೆ ಹಾಕಿದರೆ ಭಾರ ಹೊರುವ ಶಕ್ತಿ ಬರುತ್ತದೆ. ಗೋದಾಮುಗಳ ಚಾವಣಿಗೆಂದು ಬಂದ ಈ ತಗಡು ಕ್ರಮೇಣ ಮನೆಯ ಗೋಡೆಯೂ ಆಯಿತು.

1851ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿತು. ಮೆಲ್ಬರ್ನ್ ಬಂದರಿಗೆ ಜನ ಸಾಗರದಂತೆ ಬಂದರು. ಇರಲು ಮನೆಯಿಲ್ಲ, ಮನೆ ಕಟ್ಟಬೇಕಾದ ಕುಶಲಕರ್ಮಿಗಳೂ ಚಿನ್ನ ಅಗೆಯಲು ಹೋಗಿದ್ದರು. ಆಗ ಬ್ರಿಟನ್ನಿನ ಕಾರ್ಖಾನೆಗಳು ತಗಡಿನ ಮನೆಗಳ ಬಿಡಿಭಾಗಗಳನ್ನು ಕಟ್ಟಿ ಹಡಗಿನಲ್ಲಿ ಕಳುಹಿಸಿದವು. ದಕ್ಷಿಣ ಮೆಲ್ಬರ್ನಿನ ಕವೆಂಟ್ರಿ ಬೀದಿಯಲ್ಲಿ ಅಂಥ ಒಂದು ಮನೆ ಮೂಲ ಜಾಗದಲ್ಲೇ ಉಳಿದಿದ್ದು, ಈಗ ಸಂರಕ್ಷಿತ ಸ್ಮಾರಕವಾಗಿದೆ. ಬೇಗ ನಿಲ್ಲಿಸಬಹುದೆಂಬುದು ಆ ಮನೆಗಳ ಗುಣ. ಬೇಸಿಗೆಯಲ್ಲಿ ಒಲೆಯಂತೆ ಕಾಯುವುದು ದೋಷ.

ಮೊದಲ ಮಹಾಯುದ್ಧದಲ್ಲಿ ಇದೇ ತಗಡು ಅರ್ಧಚಂದ್ರಾಕಾರಕ್ಕೆ ಬಾಗಿತು. 1916ರಲ್ಲಿ ಬ್ರಿಟಿಷ್ ಸೇನೆಯ ಪೀಟರ್ ನಿಸೆನ್ ರೂಪಿಸಿದ ಗುಡಿಸಲನ್ನು ಆರು ಮಂದಿ ಸುಮಾರು ನಾಲ್ಕು ತಾಸಿನಲ್ಲಿ ಎಬ್ಬಿಸಬಹುದಿತ್ತು.

ಕಂಟೇನರಿನ ಹುಟ್ಟು ಇದಾದ ನಲವತ್ತು ವರ್ಷಗಳ ನಂತರದ್ದು. ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್‌ಗೆ, ಮೂಟೆಗಳನ್ನು ಒಂದೊಂದಾಗಿ ಹೊರುವ ಬದಲು ಲಾರಿಯ ಪೆಟ್ಟಿಗೆಯನ್ನೇ ಎತ್ತಿ ಹಡಗಿನಲ್ಲಿಟ್ಟರೆ ಹೇಗೆ ಎನ್ನಿಸಿತು. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳೊಡನೆ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಮುಂದೆ 20 ಮತ್ತು 40 ಅಡಿ ಉದ್ದ, 8 ಅಡಿ ಅಗಲ ಎಂಬ ಅಳತೆಗಳು ಜಗತ್ತಿಗೆಲ್ಲ ಒಂದೇ ಆದವು. ಸರಕು ಇಳಿಸಿದ ಮೇಲೆ ಹಿಂದಿರುಗಲು ಹೊರೆ ಸಿಗದ ಪೆಟ್ಟಿಗೆಗಳು ಮತ್ತು ಹಳತಾದವು ಅಗ್ಗಕ್ಕೆ ಮಾರಾಟಕ್ಕೆ ಬಂದವು. ಇವನ್ನು ವಾಸಯೋಗ್ಯ ಕಟ್ಟಡವಾಗಿಸುವ ವಿಧಾನಕ್ಕೆ ಅಮೆರಿಕದ ಫಿಲಿಪ್ ಕ್ಲಾರ್ಕ್ 1987ರಲ್ಲಿ ಅರ್ಜಿ ಹಾಕಿ 1989ರಲ್ಲಿ ಪೇಟೆಂಟ್ ಪಡೆದ.

ಪೆಟ್ಟಿಗೆ ಅಗ್ಗವಾದರೂ ಮನೆ ಅಗ್ಗವಾಗುವುದಿಲ್ಲ. ಮೇಲೆ ಪೇರಿಸಿದ ಪೆಟ್ಟಿಗೆಗಳ ಭಾರವನ್ನು ಹೊರುವುದು ನಾಲ್ಕು ಮೂಲೆಯ ಕಂಬಗಳು. ಗೋಡೆಯ ಉಕ್ಕಿನ ತಗಡಿನ ದಪ್ಪ ಎರಡು ಮಿಲಿಮೀಟರಿನಷ್ಟು ಮಾತ್ರ. ದೊಡ್ಡ ಕಿಟಕಿಗೆಂದು ಅದನ್ನು ಕತ್ತರಿಸಿದರೆ ಚೌಕಟ್ಟು ಕೊಟ್ಟು ಮತ್ತೆ ಬಲಪಡಿಸಬೇಕು. ಬಿಸಿಲು ತಡೆಯಲು ಒಳಪದರ ಹಾಕಿದರೆ ಮೊದಲೇ ಕಿರಿದಾದ ಕೋಣೆ ಇನ್ನಷ್ಟು ಕಿರಿದಾಗುತ್ತದೆ. ನಿವೇಶನ, ನೀರು, ಚರಂಡಿಯ ಖರ್ಚಂತೂ ಎಲ್ಲ ಮನೆಗಳಿಗೂ ಇದ್ದದ್ದೇ.

ಆದ್ದರಿಂದ ಇದು ಸಾರ್ಥಕವಾಗಿರುವುದು ಹೆಚ್ಚಾಗಿ ತುರ್ತಿನ ವೇಳೆಯಲ್ಲಿ. 2011ರ ಸುನಾಮಿಯಲ್ಲಿ ನಲುಗಿದ ಜಪಾನಿನ ಒನಗಾವಾ ಪಟ್ಟಣದಲ್ಲಿ ಸಮತಟ್ಟಾದ ಜಾಗವೇ ದುರ್ಲಭವಾಗಿತ್ತು. ವಾಸ್ತುಶಿಲ್ಪಿ ಶಿಗೆರು ಬಾನ್ ಅವರು ಬೇಸ್‌ಬಾಲ್ ಮೈದಾನದಲ್ಲಿ ಕಂಟೇನರುಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು, ಮೂರು ಅಂತಸ್ತಿನವರೆಗೆ ಪೇರಿಸಿದರು. ಪೆಟ್ಟಿಗೆಗಳೊಳಗೆ ಮಲಗುವ ಕೋಣೆ, ಸ್ನಾನದ ಮನೆ; ನಡುವಿನ ಖಾಲಿ ಜಾಗದಲ್ಲಿ ಗಾಳಿ ಬೆಳಕಿನ ನಡುಮನೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 2005-06ರಲ್ಲಿ ವಿದ್ಯಾರ್ಥಿಗಳಿಗಾಗಿ ಐದು ವರ್ಷದ ಮಟ್ಟಿಗೆಂದು ನಿಲ್ಲಿಸಿದ ಸುಮಾರು ಸಾವಿರ ಕಂಟೇನರ್ ಮನೆಗಳು ಆ ಅವಧಿ ಮುಗಿದ ಮೇಲೂ ಬಳಕೆಯಲ್ಲಿದ್ದವು. ತಾತ್ಕಾಲಿಕ ಎಂದದ್ದು ಬಹುಬೇಗ ಕೊನೆಗಾಣುವುದಿಲ್ಲ ಎಂಬುದಕ್ಕೂ ಇದೊಂದು ಉದಾಹರಣೆ.

ನಮಗೆ ಈ ಮಾತು ದೂರದ್ದಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚೂ ಹಡಗೇರಿ ದೂರ ದೇಶಗಳಿಗೆ ಹೋಯಿತು. ಅದು ಮಣ್ಣಿನದು, ಬಿಸಿ ಗಾಳಿ ಸಂದಿಗಳಿಂದ ಹೊರಹೋಗಲು ಬಿಡುವಂಥದು. ಇಂದು ಬೆಂಗಳೂರಿನಲ್ಲಿ ಬಹುಮಹಡಿ ಕಟ್ಟಡ ಏಳುವ ಜಾಗದ ಪಕ್ಕದಲ್ಲೇ ಕೂಲಿಕಾರರ ಶೀಟಿನ ಮನೆಗಳ ಸಾಲು ಕಾಣುತ್ತದೆ. ಕಂಟೇನರ್ ಮನೆಯನ್ನು ಇಷ್ಟಪಟ್ಟು ಕಟ್ಟಿಸಿಕೊಂಡವರು ಒಳಪದರ ಹಾಕಿಸಿ, ಏರ್‌ಕಂಡಿಷನರ್ ಇಟ್ಟುಕೊಳ್ಳಬಹುದು. ಶೀಟಿನ ಮನೆಯಲ್ಲಿರುವವರು ಒಂದು ಕೆಲಸ ಮುಗಿದರೆ ಇನ್ನೊಂದು ಕಡೆಯ ಅಂಥದೇ ಮನೆಗೆ ಹೋಗುತ್ತಾರೆ. ಮೆಲ್ಬರ್ನಿನ ವಲಸಿಗರು ಕಂಡ ಬೇಸಿಗೆಯನ್ನು ಅವರು ಪ್ರತಿ ವರ್ಷವೂ ಕಾಣುತ್ತಿದ್ದಾರೆ. ಅಗ್ಗದ ಮನೆಯ ಬಗ್ಗೆ ಯೋಚಿಸುವವರು ಮೊದಲು ಕೇಳಬೇಕಾದದ್ದು, ಅದರಲ್ಲಿ ಯಾರು, ಎಷ್ಟು ಕಾಲ ಇರಬೇಕಾಗುತ್ತದೆ ಎಂಬುದನ್ನು.