ಆಳು ನೋಡಿ ಆಟ, ಆಟ ನೋಡಿ ಪಣ

ನಾಗರ ಪಂಚಮಿ ಬಂತೆಂದರೆ ಗೋಗಿ, ಶಹಾಪುರ, ಸುರಪುರದ ಕಡೆ ಜೋಕಾಲಿಯ ಜೊತೆಗೆ ಪಂದ್ಯಗಳೂ ಬರುತ್ತವೆ. ಉತ್ತರ ಕರ್ನಾಟಕದ ಉದ್ದಗಲಕ್ಕೂ ಇರುವ ಈ ರೂಢಿಯಲ್ಲಿ ಹೆಚ್ಚು ಹೆಸರಾದದ್ದು ನಿಂಬೆಹಣ್ಣಿನ ಎಸೆತ. ಊರ ಅಗಸಿಯಿಂದ ಇಂಥ ಗುಡಿಯವರೆಗೆ, ಇಲ್ಲವೆ ಇಂಥ ಹೊಲದವರೆಗೆ, ಇಷ್ಟು ಎಸೆತದಲ್ಲಿ ಹಣ್ಣು ಮುಟ್ಟಿಸಬೇಕು. ಮುಟ್ಟಿಸಿದರೆ ಪಣ ಅವನದು, ಇಲ್ಲದಿದ್ದರೆ ಎದುರಾಳಿಯದು.

ಈ ಪಂದ್ಯದ ನಿಜವಾದ ಸ್ವಾರಸ್ಯ ಇರುವುದು ಮೊದಲ ಎಸೆತಕ್ಕಿಂತ ಮುಂಚೆ ನಡೆಯುವ ಮಾತುಕತೆಯಲ್ಲಿ. ರಟ್ಟೆ ಗಟ್ಟಿಯಿರುವವನಿಗೆ ಎಸೆತ ಕಡಿಮೆ, ಹೊಸಬನಿಗೆ ಒಂದೆರಡು ಹೆಚ್ಚು. ಎಸೆತ ಕಡಿಮೆಯಾದಂತೆ ಪಣ ಏರಬೇಕೆಂದು ಒಬ್ಬ, ಆಗದೆಂದು ಇನ್ನೊಬ್ಬ. ಇಬ್ಬರಿಗೂ ಗೆಲ್ಲುವ ಆಸೆ, ಸೋಲುವ ಭಯ ಎರಡೂ ಹುಟ್ಟುವ ಹದಕ್ಕೆ ಬಂದ ಮೇಲೆಯೇ ಹಣ್ಣು ಕೈ ಬಿಡುವುದು. ಸವಾಲು ಎಷ್ಟು ಕಠಿಣವಾಗಿರಬೇಕು, ಅದಕ್ಕೆ ತಕ್ಕ ಫಲ ಎಷ್ಟು ಎಂಬುದು ಆಟದಷ್ಟೇ ಹಳೆಯ ಪ್ರಶ್ನೆ.

ಕಟ್ಟೆಯ ಮೇಲಿನ ಚೌಕಾಬಾರವನ್ನೇ ನೋಡಿ. 25 ಮನೆ, 4 ಕವಡೆ, ಒಬ್ಬೊಬ್ಬರಿಗೆ 4 ಕಾಯಿ. ಕವಡೆಯ ಎರಡು ಮಗ್ಗುಲೂ ಸಮವಾಗಿ ಬೀಳುತ್ತವೆ ಎಂದುಕೊಂಡರೆ, ಅವು ಬೀಳಬಹುದಾದ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವ ಬಗೆ 6. ನಾಲ್ಕೂ ಅಂಗಾತ ಬೀಳುವ ಚೌಕಕ್ಕೆ ಇರುವುದು 1, ನಾಲ್ಕೂ ಬೋರಲು ಬೀಳುವ ಬಾರಕ್ಕೂ 1. ಅಪರೂಪದ ಈ ಎರಡಕ್ಕೇ 4 ಮತ್ತು 8 ಮನೆಗಳ ನಡೆ, ಮೇಲೊಂದು ಮರು ಎಸೆತ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹೊಡೆದವನಿಗೆ ಇನ್ನೊಂದು ಎಸೆತದ ಬಹುಮಾನ. ಕಟ್ಟೆಯ ಗುರುತಿರುವ ಮನೆಯಲ್ಲಿ ಕೂತವನಿಗೆ ಪ್ರಾಣಭಯವಿಲ್ಲ, ಆದರೆ ಕೂತಲ್ಲೇ ಕೂತವನು ಗೆಲ್ಲುವುದೂ ಇಲ್ಲ. ಕಷ್ಟ ಮತ್ತು ಫಲವನ್ನು ಇಷ್ಟು ಅಚ್ಚುಕಟ್ಟಾಗಿ ತೂಗಿದವರು ಯಾರೆಂಬುದಕ್ಕೆ ಇತಿಹಾಸದಲ್ಲಿ ಹೆಸರಿಲ್ಲ.

ಹುಲಿ-ಕುರಿ ಆಟದ್ದು ಇನ್ನೊಂದು ದಾರಿ. ಇಲ್ಲಿ ಎರಡು ಪಕ್ಷಗಳು ಸಮವೇ ಅಲ್ಲ. ರೂಢಿಯಲ್ಲಿರುವ ಒಂದು ಬಗೆಯಲ್ಲಿ 3 ಹುಲಿಗಳಿಗೆ 15 ಕುರಿ. ನೇಪಾಳದ ಬಾಘ್‌ಚಾಲ್‌ನಲ್ಲಿ 4 ಹುಲಿಗಳಿಗೆ 20 ಆಡು. ಹುಲಿಗೆ ಹಾರಿ ತಿನ್ನುವ ಬಲ, ಕುರಿಗೆ ಸುತ್ತುವರಿದು ಕಟ್ಟಿಹಾಕುವ ಬಲ. ನಾಲ್ಕು ಕುರಿ ಕಡಿಮೆ ಮಾಡಿ ನೋಡಿ, ಆಟ ಹುಲಿಯ ಪಾಲಾಗುತ್ತದೆ. ಒಂದು ಪಕ್ಷದ ಕಡೆ ಆಟ ವಾಲಿದೆ ಎಂಬ ಅನುಮಾನ ಬಂದರೆ ಮುಂದಿನ ಆಟಕ್ಕೆ ಪಕ್ಷ ಬದಲಿಸಿಕೊಂಡರಾಯಿತು. ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೆ ಇಂಥ ಮನೆಗಳನ್ನು ಕೊರೆದಿರುವುದನ್ನು ಹಂಪಿಯೂ ಸೇರಿ ನಾಡಿನ ಹಲವೆಡೆ ಇಂದಿಗೂ ಕಾಣಬಹುದು.

ಜನಸಾಮಾನ್ಯರ ಈ ತಿಳಿವಳಿಕೆ ಅರಮನೆಗೂ ಹೊಸದಲ್ಲ. ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ 100 ಅಧ್ಯಾಯಗಳಿವೆ. ವಿನೋದ, ಕ್ರೀಡೆಗಳಿಗೆಂದೇ ಪ್ರತ್ಯೇಕ ಭಾಗಗಳಿವೆ. ಪಗಡೆ, ಕವಡೆಗಳ ಆಟಗಳನ್ನು ವಿವರಿಸುವ ಈ ಗ್ರಂಥ, ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ವರ್ಗ ಮಾಡುತ್ತದೆ. ಏಳು ಶತಮಾನಗಳ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಭಾಗದಲ್ಲಿ 13 ಬಗೆಯ ಚದ ಗಂಜೀಫಾ ಆಟಗಳನ್ನು ವಿವರಿಸಿದರು. ಅವುಗಳಲ್ಲಿ ಅತಿ ದೊಡ್ಡದಕ್ಕೆ 360 ಎಲೆಗಳು ಬೇಕು.

ಇದೇ ಪ್ರಶ್ನೆಯನ್ನು ಅಮೆರಿಕದಲ್ಲಿ ಇನ್ನೊಂದು ಆಟ ದೊಡ್ಡ ಪ್ರಮಾಣದಲ್ಲಿ ಎದುರಿಸಬೇಕಾಯಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದು ಮೇಜಿನ ಸುತ್ತ ಕೂತು ಆಡುವ ಪಾತ್ರಾಭಿನಯದ ಆಟ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಹೀಗೆ ಆಟಗಾರರು ಒಂದೊಂದು ಪಾತ್ರ ವಹಿಸುತ್ತಾರೆ. ಕಥೆ ಹೇಳುತ್ತ ರಾಕ್ಷಸರನ್ನು ಎದುರಿಗೆ ತಂದು ನಿಲ್ಲಿಸುವವನು ಸೂತ್ರಧಾರ. ದಾಳ ಉರುಳಿಸಿ ಕಾದಬೇಕು. ಗೆದ್ದರೆ ಹೊನ್ನು, ಆಯುಧ, ಅನುಭವದ ಅಂಕ. ನಮ್ಮ ದೊಡ್ಡಾಟ ಮತ್ತು ಪಗಡೆಯನ್ನು ಒಂದೇ ಹಾಸಿನ ಮೇಲೆ ತಂದರೆ ಹೇಗೋ ಹಾಗೆ.

ಗೆಳೆಯರಷ್ಟೇ ಆಡುವಾಗ ಸೂತ್ರಧಾರ ಕಷ್ಟವನ್ನು ಕಣ್ಣಳತೆಯಲ್ಲೇ ಹೊಂದಿಸುತ್ತಿದ್ದ. 1980ರಲ್ಲಿ ಈ ಆಟಗಾರರ ಸಂಘವೊಂದು ಹುಟ್ಟಿತು. ಕ್ರಮೇಣ ಒಂದೇ ಕಥೆಯನ್ನು ಬೇರೆ ಬೇರೆ ಊರುಗಳ ನೂರಾರು ಮೇಜುಗಳಲ್ಲಿ ಆಡುವ, ಒಂದು ಮೇಜಿನಲ್ಲಿ ಗಳಿಸಿದ್ದನ್ನು ಇನ್ನೊಂದು ಮೇಜಿಗೆ ಒಯ್ಯುವ ಏರ್ಪಾಡು ಬಂತು. ಆಗ ಸಮಸ್ಯೆಯೂ ಬಂತು. ಒಬ್ಬ ಸೂತ್ರಧಾರ ಸುಲಭದ ಗೆಲುವಿಗೆ ಚೀಲ ತುಂಬ ಹೊನ್ನು ಕೊಟ್ಟರೆ, ಕಷ್ಟಪಟ್ಟು ಗೆದ್ದ ಇನ್ನೊಂದು ಮೇಜಿನವರಿಗೆ ಅನ್ಯಾಯವಲ್ಲವೇ?

2000ದಿಂದ 2008ರವರೆಗೆ ನಡೆದ ‘ಲಿವಿಂಗ್ ಗ್ರೇಹಾಕ್’ ಎಂಬ ಏರ್ಪಾಡು ತಂಡದ ಸರಾಸರಿ ಮಟ್ಟವನ್ನು ಲೆಕ್ಕ ಹಾಕಿ, ಆಯಾ ಮಟ್ಟಕ್ಕೆ ಇಂಥ ಶತ್ರು, ಇಷ್ಟೇ ಫಲ ಎಂದು ಮೊದಲೇ ಬರೆದಿಟ್ಟಿತು. 2014ರಲ್ಲಿ ಆರಂಭವಾದ ‘ಅಡ್ವೆಂಚರರ್ಸ್ ಲೀಗ್’ನ ಕಥೆಗಳಲ್ಲಿ ತಂಡ ತುಂಬಾ ದುರ್ಬಲ, ದುರ್ಬಲ, ಸಾಧಾರಣ, ಬಲಿಷ್ಠ, ತುಂಬಾ ಬಲಿಷ್ಠ ಎಂಬ ಐದು ಮೆಟ್ಟಿಲು ಬಂದವು. ದುರ್ಬಲರಾದರೆ ಎರಡು ಶತ್ರುಗಳನ್ನು ತೆಗೆ, ಬಲಿಷ್ಠರಾದರೆ ಒಂದನ್ನು ಸೇರಿಸು ಎಂಬಂಥ ಸೂಚನೆಗಳು. ಸಾರವಿಷ್ಟೇ: ಎದುರಿನ ಕಷ್ಟವನ್ನು ಆಟಗಾರರ ಶಕ್ತಿ ನೋಡಿ ಹೊಂದಿಸುವ ಅಧಿಕಾರ ಸೂತ್ರಧಾರನಿಗೆ ಉಂಟು, ಮನಬಂದಂತೆ ಫಲ ಹಂಚುವ ಅಧಿಕಾರ ಇಲ್ಲ.

ಅಗಸಿಯ ಪಂದ್ಯಕ್ಕೂ ಈ ಲೀಗ್‌ಗೂ ಸಾವಿರಾರು ಮೈಲಿ ದೂರವಿದ್ದರೂ ನೀತಿ ಒಂದೇ. ಆಳು ನೋಡಿ ಆಟ ಹೊಂದಿಸಬಹುದು, ಆದರೆ ಅದು ಎಲ್ಲರ ಕಣ್ಣೆದುರು ಆಗಬೇಕು. ಪಣ ಆಟಕ್ಕೆ ಮೊದಲೇ ನಿಂತಿರಬೇಕು. ಈ ಎರಡೂ ತಪ್ಪಿದರೆ ಏನಾಗುತ್ತದೆಂದು ಮಹಾಭಾರತದ ದ್ಯೂತ ಸಭೆ ಹೇಳಿದೆ. ಅಲ್ಲಿ ಧರ್ಮರಾಯನ ಎದುರು ಕೂತವನು ಅವನಿಗೆ ಜೋಡಿಯೇ ಆಗದ ಪಳಗಿದ ಶಕುನಿ. ಪಣವಂತೂ ಎಸೆತದಿಂದ ಎಸೆತಕ್ಕೆ ಏರುತ್ತ ರಾಜ್ಯ, ತಮ್ಮಂದಿರು, ಕೊನೆಗೆ ದ್ರೌಪದಿಯವರೆಗೆ ಹೋಯಿತು.

ಇಂದು ಈ ಮಾತಿಗೆ ಬೇರೆಯೇ ಮಹತ್ವ ಬಂದಿದೆ. ಮೊಬೈಲಿನ ಆಟಗಳಲ್ಲಿ ಕಷ್ಟವನ್ನು ಏರಿಸಿ ಇಳಿಸುವ, ಯಾವಾಗ ಎಷ್ಟು ಬಹುಮಾನ ಎಂದು ನಿರ್ಧರಿಸುವ ಕೈ ಕಣ್ಣಿಗೆ ಕಾಣುವುದಿಲ್ಲ. ಚೌಕ ಬೀಳುವುದು ಎಷ್ಟು ಅಪರೂಪ ಎಂಬುದು ಕಟ್ಟೆಯ ಮೇಲೆ ಕೂತ ಹುಡುಗನಿಗೂ ಗೊತ್ತು. ಮೊಬೈಲಿನ ಪೆಟ್ಟಿಗೆಯಿಂದ ಏನು ಹೊರಬೀಳುತ್ತದೆಂಬ ಲೆಕ್ಕ ಆಡುವವನಿಗೆ ಗೊತ್ತಿರುವುದು ಅಪರೂಪ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾನೂನು ತಡೆಯುವುದು ಹಣದ ಪಣವನ್ನು. ದಿನಗಟ್ಟಲೆ ಹೊತ್ತನ್ನೇ ಪಣವಾಗಿ ಇಡುವವರಿಗೆ ಅದು ಅಡ್ಡಬರುವುದಿಲ್ಲ.

ಕಾಯಿ ಹೂಡುವ ಮುನ್ನ ನಾಲ್ಕು ಜನ ಕೂತು ನೇಮ ಗೊತ್ತುಮಾಡಿಕೊಳ್ಳುವುದು ಹಳೆಯ ಕಾಲದ ಹರಟೆಯಂತೆ ಕಾಣಬಹುದು. ಸೋತವನು ಸಿಟ್ಟಾಗದೆ ಮರುದಿನ ಮತ್ತೆ ಅದೇ ಕಟ್ಟೆಗೆ ಬರುವುದು ಆ ಹರಟೆಯಿಂದಲೇ.