ಮಮತಾ ಪೂಜಾರಿ ಆಡಿದ ಆ ಒಂದು ತಿಂಗಳು

ಡಿಸೆಂಬರಿನಿಂದ ಮೇ ತನಕ ಯಾವ ಶನಿವಾರ ಬೆಳಿಗ್ಗೆ ಬೆಂಗಳೂರು ಬಸ್ಸಿನಿಂದ ಮೆಲ್ಕಾರಿನಲ್ಲಿ ಇಳಿದರೂ ನನ್ನ ಕಣ್ಣಿಗೆ ಮೊದಲು ಬೀಳುವುದು ಕಬಡ್ಡಿಯ ಫ್ಲೆಕ್ಸ್. ಮುಡಿಪು ಕಡೆಗೆ ರಸ್ತೆ ಕವಲೊಡೆಯುವ ಜಾಗದಲ್ಲಿ ಒಂದಾದರೂ ಇದ್ದೇ ಇರುತ್ತದೆ: "ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ". ಪ್ರಥಮ, ದ್ವಿತೀಯ, ತೃತೀಯ, ಚತುರ್ಥ, ಎಲ್ಲದಕ್ಕೂ ನಗದು ಮತ್ತು ಶಾಶ್ವತ ಫಲಕ. ಅದರ ಕೆಳಗೆ ಸವ್ಯಸಾಚಿ ಆಟಗಾರ, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ. ಕೆಲವು ಫ್ಲೆಕ್ಸ್‌ಗಳಲ್ಲಿ ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲು: "ಮಹಿಳೆಯರ ಪ್ರದರ್ಶನ ಪಂದ್ಯ".

ಆ ಸಣ್ಣ ಅಕ್ಷರದ ಸಾಲಿನ ಬಗ್ಗೆ ನಾನು ಯೋಚಿಸಲು ಶುರು ಮಾಡಿದ್ದು ಮೆಲ್ಕಾರಿನಲ್ಲಿ ಅಲ್ಲ, ಆಫೀಸಿನಲ್ಲಿ. ನಮ್ಮ ಟೀಮಿನಲ್ಲಿ ಒಬ್ಬ ಎನ್‌ಬಿಎ ಹುಚ್ಚ ಇದ್ದಾನೆ. ಬೆಳಗಿನ ಮೀಟಿಂಗಿಗೆ ಬರುವ ಮೊದಲೇ ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ಮ್ಯಾಚ್ ನೋಡಿ ಮುಗಿಸಿರುತ್ತಾನೆ. ಒಂದು ದಿನ ಊಟಕ್ಕೆ ಕೂತಾಗ ಕೇಳಿದ, "ನಿಮ್ಮ ಕಡೆ ಪ್ರೊಫೆಷನಲ್ ಆಟಗಾರರು ಯಾರಾದ್ರೂ ಇದಾರಾ?"

ಇದಾರಾ ಅಂತ ಕೇಳುವುದಾ! ನಾನು ಎದೆಯುಬ್ಬಿಸಿ ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಹೆಸರು ಹೇಳಿದೆ. 2018ರ ಪ್ರೊ ಕಬಡ್ಡಿ ಹರಾಜಿನಲ್ಲಿ ಯುಪಿ ಯೋಧಾ ತಂಡ ಅವರನ್ನು 79 ಲಕ್ಷಕ್ಕೆ ಕೊಂಡಿತ್ತು. 2022ರ ಫೆಬ್ರವರಿ 25ರಂದು, ನಮ್ಮ ಆಫೀಸಿನಿಂದ ದೂರವೇನಲ್ಲದ ವೈಟ್‌ಫೀಲ್ಡಿನಲ್ಲಿ, ಪಟ್ನಾ ಪೈರೇಟ್ಸ್ ನಾಯಕರಾಗಿ ಫೈನಲ್ ಆಡಿ 36–37ರಲ್ಲಿ, ಬರೀ ಒಂದು ಅಂಕದಲ್ಲಿ, ಡೆಲ್ಲಿಗೆ ಸೋತರು. ಅವನಿಗೆ ಖುಷಿಯಾಯಿತು. "ಹೆಣ್ಮಕ್ಕಳಲ್ಲಿ?" ಅಂದ. ಮಮತಾ ಪೂಜಾರಿ ಅಂದೆ. ಅರ್ಜುನ ಪ್ರಶಸ್ತಿ, ಏಷ್ಯನ್ ಗೇಮ್ಸ್ ಚಿನ್ನ ಎಲ್ಲ ಹೇಳಿದೆ. "ಯಾವ ಟೀಮು?"

"ರೈಲ್ವೆ."

"ಅದು ಟೀಮಲ್ಲ ಗುರೂ, ಕೆಲಸ," ಅಂದು ನಕ್ಕ.

ಅವನು ಹೇಳಿದ್ದು ತಪ್ಪಲ್ಲ. ಆದರೆ ಪೂರ್ತಿ ಸರಿಯೂ ಅಲ್ಲ.

ಆಟ ಆಡಿ ಹೊಟ್ಟೆ ಹೊರೆಯುವುದು ಅಂದರೆ ನಮ್ಮ ಕಡೆ ಬಹಳ ಕಾಲ ಒಂದೇ ಅರ್ಥ ಇತ್ತು: ಆಟದಿಂದ ಒಂದು ಕೆಲಸ ಗಿಟ್ಟಿಸುವುದು. ಆಟ ಸಂಬಳ ಕೊಡುತ್ತಿರಲಿಲ್ಲ. ಆಟ ನೋಡಿ ಯಾರೋ ಸಂಬಳ ಕೊಡುತ್ತಿದ್ದರು. ಕೊಡುತ್ತಿದ್ದವರು ರೈಲ್ವೆ, ಪೊಲೀಸ್ ಮತ್ತು ಬ್ಯಾಂಕುಗಳು. 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟರು ಹುಟ್ಟುಹಾಕಿದ ವಿಜಯಾ ಬ್ಯಾಂಕಿಗೆ ಕಬಡ್ಡಿ ತಂಡ ಇತ್ತು, ಬ್ಯಾಸ್ಕೆಟ್‌ಬಾಲ್ ತಂಡವೂ ಇತ್ತು. ಆ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಕೂಡ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಆವತ್ತು ನಾವೆಲ್ಲ ನಮ್ಮೂರ ಬ್ಯಾಂಕಿನ ಹೆಸರು ಹೋಯಿತು ಅಂತ ಬೇಸರಪಟ್ಟೆವು. ಊರಿನ ಹುಡುಗರು ಆಟದ ಸರ್ಟಿಫಿಕೇಟು ಹಿಡಿದು ನೋಡುತ್ತಿದ್ದ ಬಾಗಿಲುಗಳೂ ಅವೇ ಎಂದು ಹೊಳೆಯಲಿಲ್ಲ.

ಮಮತಾ ಬಂದದ್ದು ಆ ಕಾಲದಲ್ಲಿ. ಮೆಲ್ಕಾರಿನಿಂದ ಬಿ.ಸಿ. ರೋಡ್, ಬಂಟ್ವಾಳ, ಮೂಡುಬಿದಿರೆ ದಾಟಿ ಕಾರ್ಕಳಕ್ಕೆ ಹೋದರೆ, ಅಲ್ಲಿಂದ ಅಜೆಕಾರು ಕಡೆಗೆ ಹೆರ್ಮುಂಡೆ ಎಂಬ ಹಳ್ಳಿ ಸಿಗುತ್ತದೆ. ಅದು ಅವರ ಊರು. 1986ರಲ್ಲಿ ಹುಟ್ಟಿದವರು. ಶಾಲೆಯಲ್ಲಿ ವಾಲಿಬಾಲ್, ಗುಂಡೆಸೆತ, ಕಬಡ್ಡಿ ಮೂರನ್ನೂ ಆಡುತ್ತಿದ್ದ ಹುಡುಗಿ ಕೊನೆಗೆ ಕಬಡ್ಡಿ ಹಿಡಿದರು. ಆ ಕಬಡ್ಡಿ ಅವರಿಗೆ ದಕ್ಷಿಣ ಮಧ್ಯ ರೈಲ್ವೆಯಲ್ಲಿ, ದೂರದ ಸಿಕಂದರಾಬಾದಿನಲ್ಲಿ, ನೌಕರಿ ಕೊಡಿಸಿತು.

ಇಲ್ಲಿ ಒಂದು ಲೆಕ್ಕ ನೋಡಿ. ಏಷ್ಯನ್ ಗೇಮ್ಸಿನಲ್ಲಿ ಪುರುಷರ ಕಬಡ್ಡಿ ಪದಕದ ಆಟವಾಗಿ ಬಂದದ್ದು 1990ರಲ್ಲಿ, ಬೀಜಿಂಗಿನಲ್ಲಿ. ಮಹಿಳೆಯರದ್ದು ಬಂದದ್ದು 2010ರಲ್ಲಿ, ಗುವಾಂಗ್‌ಝೌನಲ್ಲಿ. ನಡುವೆ ಭರ್ತಿ 20 ವರ್ಷ. ಈ 20 ವರ್ಷದಲ್ಲಿ ಚೆನ್ನಾಗಿ ಆಡಿದ, ವಯಸ್ಸು ದಾಟಿಹೋದ ಹೆಣ್ಣುಮಕ್ಕಳು ಎಷ್ಟು ಜನರೋ! ಅವರಿಗೆ ಏಷ್ಯನ್ ಗೇಮ್ಸ್ ಪದಕ ಇಲ್ಲ, ಏಕೆಂದರೆ ಅವರಿಗೆ ಪಂದ್ಯವೇ ಇರಲಿಲ್ಲ. ಮಮತಾ ಆ ಮಟ್ಟಿಗೆ ಸರಿಯಾದ ಹೊತ್ತಿಗೆ ಬಂದರು. 2010ರ ಮೊದಲ ಫೈನಲಿನಲ್ಲಿ ಭಾರತ ಥಾಯ್ಲೆಂಡನ್ನು 28–14ರಿಂದ ಸೋಲಿಸಿದಾಗ ಅವರು ತಂಡದಲ್ಲಿದ್ದರು. 2012ರ ಮಾರ್ಚಿನಲ್ಲಿ ಪಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆಯಿತು. ಫೈನಲಿನಲ್ಲಿ ಇರಾನನ್ನು 25–19ರಿಂದ ಸೋಲಿಸಿದ ಭಾರತ ತಂಡದ ನಾಯಕಿ ನಮ್ಮ ಹೆರ್ಮುಂಡೆಯ ಮಮತಾ. 2014ರಲ್ಲಿ ಇಂಚಿಯಾನ್‌ನಲ್ಲಿ ಮತ್ತೆ ಚಿನ್ನ, ಮತ್ತೆ ಇರಾನ್ ವಿರುದ್ಧ, 31–21. ಅದೇ ವರ್ಷ ಅರ್ಜುನ ಪ್ರಶಸ್ತಿ.

ಅದೇ 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಎಂಟು ತಂಡ, ಬಣ್ಣಬಣ್ಣದ ದೀಪ, ದಿನಾ ರಾತ್ರಿ ಟಿವಿಯಲ್ಲಿ. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಹೋದದ್ದು ರಾಕೇಶ್ ಕುಮಾರ್ ಅವರಿಗೆ, 12.80 ಲಕ್ಷ. ನಾಲ್ಕೇ ವರ್ಷದಲ್ಲಿ, 2018ರಲ್ಲಿ, ಮೋನು ಗೋಯತ್ 1.51 ಕೋಟಿಗೆ ಹೋದರು. 2023ರಲ್ಲಿ ಪವನ್ ಸೆಹ್ರಾವತ್ 2.60 ಕೋಟಿ ದಾಟಿದರು. ನಮ್ಮ ಇಂಡಸ್ಟ್ರಿಯಲ್ಲೂ ಯಾರಿಗೂ ಇಂಥಾ ಹೈಕ್ ಸಿಕ್ಕಿದ್ದು ನಾನು ಕಂಡಿಲ್ಲ ಮಾರಾಯ್ರೆ.

ಇದೆಲ್ಲ ಪುರುಷರ ಮಾತಾಯಿತು. ಮಹಿಳೆಯರಿಗೆ ಬಾಗಿಲು ತೆರೆದದ್ದು 2016ರಲ್ಲಿ. ಹೆಸರು ವಿಮೆನ್ಸ್ ಕಬಡ್ಡಿ ಚಾಲೆಂಜ್. ತಂಡ ಮೂರೇ ಮೂರು. ಫೈರ್ ಬರ್ಡ್ಸ್‌ಗೆ ಮಮತಾ ನಾಯಕಿ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ, ಐಸ್ ದಿವಾಸ್‌ಗೆ ಅಭಿಲಾಷಾ ಮ್ಹಾತ್ರೆ. ಜೂನ್ 28ಕ್ಕೆ ಶುರುವಾಗಿ ಜುಲೈ 31ಕ್ಕೆ ಮುಗಿಯಿತು. ಫೈನಲ್ ನಡೆದದ್ದು ಹೈದರಾಬಾದಿನಲ್ಲಿ, ಅಂದರೆ ಮಮತಾ ರೈಲ್ವೆ ಕೆಲಸ ಮಾಡುತ್ತಿದ್ದ ಸಿಕಂದರಾಬಾದಿನ ಮಗ್ಗುಲಲ್ಲೇ. ಎದುರಾಳಿ ನಾಯಕಿ ತೇಜಸ್ವಿನಿ ಕೂಡ ಕರ್ನಾಟಕದವರೇ, 2011ರ ಅರ್ಜುನ ಪುರಸ್ಕೃತೆ. ದೇಶದ ಮೊದಲ ಮಹಿಳಾ ಕಬಡ್ಡಿ ಲೀಗಿನ ಫೈನಲಿನಲ್ಲಿ ಎರಡೂ ಕಡೆಯ ನಾಯಕಿಯರು ಕರ್ನಾಟಕದವರು! ಸ್ಟಾರ್ಮ್ ಕ್ವೀನ್ಸ್ 24, ಫೈರ್ ಬರ್ಡ್ಸ್ 23. ಮಮತಾ ಸೋತದ್ದು ಒಂದು ಅಂಕದಲ್ಲಿ, ಆರು ವರ್ಷದ ನಂತರ ಪ್ರಶಾಂತ್ ರೈ ಸೋತ ಹಾಗೆಯೇ.

ವ್ಯತ್ಯಾಸ ಏನು ಅಂದರೆ, ಪ್ರಶಾಂತ್ ರೈ ಸೋತ ಲೀಗಿಗೆ ಮುಂದಿನ ಸೀಸನ್ ಇತ್ತು. 2017ರಲ್ಲಿ ಪುರುಷರ ತಂಡಗಳು ಎಂಟರಿಂದ ಹನ್ನೆರಡಾದವು. ಮಹಿಳೆಯರ ಮೂರು ತಂಡಗಳು ಸೊನ್ನೆಯಾದವು. ಮಮತಾ ಪೂಜಾರಿಯವರ ಲೀಗ್ ಆಟ ಆ ಒಂದು ತಿಂಗಳಿಗೇ ಮುಗಿಯಿತು.

ನನ್ನ ಸಹೋದ್ಯೋಗಿಗೆ ಇದನ್ನು ಹೇಳಿದಾಗ ಅವನು, "ನೋಡುವವರು ಇಲ್ಲ ಅಂದ್ರೆ ದುಡ್ಡು ಯಾರು ಹಾಕ್ತಾರೆ?" ಅಂದ. ನ್ಯಾಯವಾದ ಪ್ರಶ್ನೆಯೇ. ಉತ್ತರ ಅವನ ಬ್ಯಾಸ್ಕೆಟ್‌ಬಾಲಿನಲ್ಲೇ ಇದೆ. ಎನ್‌ಬಿಎ ಹುಟ್ಟಿದ್ದು 1946ರಲ್ಲಿ. ಮಹಿಳೆಯರ ಡಬ್ಲ್ಯುಎನ್‌ಬಿಎ ಆಟ ಶುರು ಮಾಡಿದ್ದು 1997ರಲ್ಲಿ, ಅರ್ಧ ಶತಮಾನ ತಡವಾಗಿ. ಅಲ್ಲೂ ಸಂಬಳ ಎಷ್ಟು ಕಡಿಮೆ ಇತ್ತೆಂದರೆ ಆಟಗಾರ್ತಿಯರು ಚಳಿಗಾಲದಲ್ಲಿ ಯುರೋಪಿಗೆ ಹೋಗಿ ಆಡುತ್ತಿದ್ದರು. ಡಯಾನಾ ಟೌರಾಸಿಯಂಥ ಆಟಗಾರ್ತಿ 2015ರಲ್ಲಿ ಅಮೆರಿಕದ ಇಡೀ ಸೀಸನ್ ಬಿಟ್ಟು ಕೂತರು, ಯಾಕೆಂದರೆ ವಿಶ್ರಾಂತಿ ತಗೊಳ್ಳಿ ಅಂತ ಅವರ ರಷ್ಯಾದ ತಂಡವೇ ಅದಕ್ಕಿಂತ ಜಾಸ್ತಿ ದುಡ್ಡು ಕೊಟ್ಟಿತು. ಇಷ್ಟೆಲ್ಲ ಆದರೂ ಆ ಲೀಗ್ 1997ರಿಂದ ಒಂದು ವರ್ಷವೂ ಬಾಗಿಲು ಹಾಕಲಿಲ್ಲ. ನೋಡುವವರು ನಿಧಾನಕ್ಕೆ ಬಂದರು. ಮುಚ್ಚಿದ ಅಂಗಡಿಗೆ ಗಿರಾಕಿ ಬರಲಿಲ್ಲ ಅಂತ ಹೇಳುವುದರಲ್ಲಿ ಅರ್ಥ ಇಲ್ಲ ಅಲ್ವಾ?

ಹಾಗಂತ ರೈಲ್ವೆ ಕೆಲಸವನ್ನು ಹಗುರ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ. ಲೀಗಿನ ಒಪ್ಪಂದ ನಮ್ಮ ಕಾಂಟ್ರಾಕ್ಟ್ ಕೆಲಸದ ಹಾಗೆ: ಮಂಡಿ ಹೋದರೆ, ಫಾರ್ಮ್ ಹೋದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ರೈಲ್ವೆಯ ಕುರ್ಚಿ ಹಾಗೆ ಹೋಗುವುದಿಲ್ಲ. ಶಿಬಿರಕ್ಕೆ ರಜೆ ಉಂಟು, ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ ರೈಲ್ವೆಗೇ ಒಂದು ತಂಡ ಉಂಟು, ಆಟ ಮುಗಿದ ಮೇಲೂ ತಿಂಗಳ ಸಂಬಳ ಉಂಟು. ಅದಕ್ಕಿಂತ ದೊಡ್ಡದು, ಆ ಕೆಲಸಕ್ಕೆ ನಮ್ಮ ಮನೆಗಳ ಒಳಗೆ ಒಂದು ಬೆಲೆ ಇತ್ತು.

ಅದು ನನಗೆ ಗೊತ್ತಾದದ್ದು ನನ್ನ ಚಿಕ್ಕಮ್ಮನ ಮಗಳಿಂದ. ಅವಳು ಹೈಸ್ಕೂಲಿನಲ್ಲಿ ತಾಲೂಕು ಮಟ್ಟಕ್ಕೆ ಆಡಿದವಳು. ರೈಟ್ ಕಾರ್ನರಿನಲ್ಲಿ ನಿಂತು ಕಾಲು ಹಿಡಿದರೆ ಬಿಡುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದದ್ದೇ ಮನೆಯಲ್ಲಿ, "ಇನ್ನು ಸಾಕು, ಆಡಿ ಎಂತ ಸಿಗ್ತದೆ?" ಎಂದರು. ಅದು 2012. ವಿಶ್ವಕಪ್ ಗೆದ್ದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅವಳ ಪಿ.ಟಿ. ಮಾಷ್ಟ್ರು ಆ ಪೇಪರ್ ಹಿಡಿದುಕೊಂಡು ಮನೆಗೇ ಬಂದರು. ಕಪ್ಪಿನ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲವಂತೆ. "ಈ ಹುಡುಗಿಗೆ ರೈಲ್ವೆಯಲ್ಲಿ ಕೆಲಸ ಉಂಟು, ನೋಡಿ" ಎಂದು ಒಂದೇ ಮಾತು. ನನ್ನ ಚಿಕ್ಕಪ್ಪ ಬೀಡಿ ಕಟ್ಟುತ್ತಿದ್ದ ಚಿಕ್ಕಮ್ಮನ ಮುಖ ನೋಡಿದರು. ಅವಳಿಗೆ ಇನ್ನೆರಡು ವರ್ಷ ಆಡಲು ಬಿಟ್ಟರು.

ಆ ಎರಡು ವರ್ಷದಲ್ಲಿ ಅವಳ ಆಯ್ಕೆ ಮುಂದಕ್ಕೆ ಆಗಲಿಲ್ಲ. ಈಗ ಮಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ಪಿ.ಟಿ. ಮಾಷ್ಟ್ರ ವಾದ ಎಷ್ಟು ಗಟ್ಟಿ ಇತ್ತು ಅಂತ ನಾನು ಒಮ್ಮೆ ಹೊಗಳಿದೆ. ಅವಳು, "ಅಣ್ಣಾ, ರೈಲ್ವೆ ಕೆಲಸ ಸಿಗುವುದು ಎಷ್ಟು ಜನಕ್ಕೆ? ಇಡೀ ಜಿಲ್ಲೆಗೆ ಒಬ್ಬಳಿಗೆ. ಹುಡುಗರಿಗೆ ಅದು ಸಿಗದಿದ್ರೆ ಇನ್ನೊಂದು ಉಂಟು. ನಮಗೆ ಅದು ಸಿಗದಿದ್ರೆ ಆಟವೇ ಮುಗೀತು" ಎಂದಳು.

ಅವಳ ಮಾತು ಸರಿ. ಈಗ ನಮ್ಮ ಕಡೆಯ ಗದ್ದೆಗಳಲ್ಲೂ ಮ್ಯಾಟ್ ಹಾಸುತ್ತಾರೆ, ಫ್ಲೆಕ್ಸಿನಲ್ಲಿ "ಪ್ರೊ ಮಾದರಿಯ" ಎಂದು ಬರೆಯುತ್ತಾರೆ. ಮೆಲ್ಕಾರಿನಿಂದ ಕಲ್ಲಡ್ಕ ದಾಟಿದರೆ ಸಿಗುವ ಮಾಣಿಯ ಉದಯ ಚೌಟರು ಭಾರತದ ಜೆರ್ಸಿ ತೊಟ್ಟ ಕಾಲದಲ್ಲಿ ಹುಡುಗರ ಮುಂದೆ ಇಂಥ ಲೀಗ್ ಇರಲಿಲ್ಲ. ಈಗ ಹತ್ತು ವರ್ಷದ ಹುಡುಗನಿಗೂ ಹರಾಜಿನ ಕನಸು ಉಂಟು. ಹುಡುಗಿಗೆ ಇರುವ ಕನಸು ಈಗಲೂ ಮಮತಾ ಕಾಲದ್ದೇ.

2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಭಾರತ ನೂರನೇ ಪದಕ ಗೆದ್ದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಆ ನೂರನೇ ಪದಕ ತಂದದ್ದು ಮಹಿಳಾ ಕಬಡ್ಡಿ ತಂಡ. ಚೈನೀಸ್ ತೈಪೆ ವಿರುದ್ಧ 26–25. ಈ ಸಲ ಆ ಒಂದು ಅಂಕ ನಮ್ಮ ಕಡೆಗಿತ್ತು. ಆ ತಂಡದಲ್ಲಿ ನಾಲ್ಕು ಹೆಸರು ಹೇಳು ಅಂದರೆ ಆವತ್ತು ನನಗೂ ಬರುತ್ತಿರಲಿಲ್ಲ. ಲೀಗ್ ಕೊಡುವುದು ದುಡ್ಡು ಮಾತ್ರ ಅಲ್ಲ. ದಿನಾ ರಾತ್ರಿ ಟಿವಿಯಲ್ಲಿ ಬಂದು ಬಂದು ಹೆಸರು ಬಾಯಿಗೆ ಹತ್ತುತ್ತದೆ.

1990ರಿಂದ 2010ಕ್ಕೆ 20 ವರ್ಷ ಆಗಿತ್ತು. 2014ಕ್ಕೆ ಅದೇ 20 ಕೂಡಿಸಿದರೆ 2034. ಚಿಕ್ಕಮ್ಮನ ಮಗಳಿಗೆ ಈಗ ಒಬ್ಬಳು ಸಣ್ಣ ಮಗಳಿದ್ದಾಳೆ. ಅವಳು ಎಸ್ಸೆಸ್ಸೆಲ್ಸಿ ಮುಗಿಸುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಕಳೆದ ಸಲ ಊರಿಗೆ ಹೋದಾಗ ಪಂದ್ಯಾಟಕ್ಕೆ ನಾನು ಎಂದಿನ ಹಾಗೆ ಒಂಬತ್ತು ಗಂಟೆಗೆ ಹೊರಟಿದ್ದೆ. ಅವಳು ಬಿಡಲಿಲ್ಲ, ಏಳೂವರೆಗೇ ಎಳೆದುಕೊಂಡು ಹೋದಳು. ಮಹಿಳೆಯರ ಪ್ರದರ್ಶನ ಪಂದ್ಯ ನಡೆಯುತ್ತಿತ್ತು. ಕುರ್ಚಿಗಳು ಮುಕ್ಕಾಲು ಪಾಲು ಖಾಲಿ, ಚರುಮುರಿಯವನು ಇನ್ನೂ ಈರುಳ್ಳಿ ಹೆಚ್ಚುತ್ತಿದ್ದ. ಅಂಕಣದಲ್ಲಿ ಮಾತ್ರ ಹದಿನಾಲ್ಕು ಹುಡುಗಿಯರು ತುಂಬಿದ ಮೈದಾನದಲ್ಲಿ ಆಡುವ ಹಾಗೆಯೇ ಆಡುತ್ತಿದ್ದರು. ನೀವೂ ನಮ್ಮ ಕಡೆ ಬಂದರೆ, ದಯವಿಟ್ಟು ಏಳು ಗಂಟೆಗೇ ಬನ್ನಿ.