ಕೋರೆಗಾಂವ್ ಕಂಬದ ಮೇಲೆ ಬರೆದವರು ಯಾರು? ನಮ್ಮ ಮಕ್ಕಳ ಜೊತೆ ಯುದ್ಧ ಪ್ರಚಾರದ ಪಾಠ



ಸ್ವಲ್ಪ ಉದ್ದದ ಪೋಸ್ಟ್. ಕೊನೇವರೆಗೂ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳ ಲೈನ್ ಮನೆ ಮಕ್ಕಳಿಗೆ ಭಾನುವಾರ ನಾವೊಂದಿಷ್ಟು ಜನ ಪಾಠ ಮಾಡ್ತೀವಿ. ಎಂಟನೇ ಕ್ಲಾಸಿಂದ ಪಿಯುಸಿವರೆಗಿನ ಮಕ್ಕಳು. 2025ರ ಮೇ ತಿಂಗಳಲ್ಲಿ ಇವರ ಮನೆಯವರ ಮೊಬೈಲ್ ತುಂಬಾ ಯುದ್ಧದ ವಿಡಿಯೋಗಳು. ಕರಾಚಿ ಬಂದರು ನಾಶ ಆಯ್ತು ಅಂತ ಟಿವಿ ಚಾನೆಲ್‌ಗಳೇ ಕೂಗಿದವು, ಸುಳ್ಳು. ವಿಡಿಯೋ ಗೇಮಿನ ದೃಶ್ಯಗಳನ್ನ ನಿಜವಾದ ದಾಳಿ ಅಂತ ಗಡಿಯ ಎರಡೂ ಕಡೆ ಹಂಚಿದ್ರು. ನಮ್ಮಲ್ಲಿ ಅದನ್ನ ಮೊದಲು ಹಿಡಿದವರು ದೊಡ್ಡವರಲ್ಲ, ಗೇಮ್ ಆಡೋ ಹುಡುಗರು. ಯುದ್ಧ ಪ್ರಚಾರದ ಇತಿಹಾಸವನ್ನೇ ಇವರಿಗೆ ಪಾಠ ಮಾಡೋಣ ಅಂತ ಆಗ ಶುರು ಮಾಡಿದ್ವಿ.

ಮೊದಲನೇ ವಾರ ಪೋಸ್ಟರ್. 1914ರಲ್ಲಿ ಇಂಗ್ಲೆಂಡಿನ ಲಾರ್ಡ್ ಕಿಚನರ್ ಬೆರಳು ತೋರಿಸಿ ಸೈನ್ಯಕ್ಕೆ ಕರೆಯೋ ಚಿತ್ರ ಎಲ್ಲರಿಗೂ ಗೊತ್ತು. ಅದೇ ಮಹಾಯುದ್ಧದಲ್ಲಿ ಇಂಡಿಯಾದವರಿಗೆ ಅಂತ ಮಾಡಿದ ಒಂದು ಪೋಸ್ಟರಿದೆ: ಒಂದು ಬಂದೂಕು, ಒಂದು ಸಮವಸ್ತ್ರ, ಒಂದಿಷ್ಟು ದುಡ್ಡು. ಇದೆಲ್ಲ ಯಾರಿಗೆ ಬೇಕು ಅಂತ ಕೇಳಿ, ಸೈನ್ಯಕ್ಕೆ ಸೇರೋನಿಗೆ ಅಂತ ಅದೇ ಉತ್ತರ ಕೊಡುತ್ತೆ. ಅಕ್ಷರ ಮುಚ್ಚಿ ಚಿತ್ರ ಮಾತ್ರ ತೋರಿಸಿ, ನೀವೇ ಒಂದು ಸಾಲು ಬರೀರಿ ಅಂದೆ. ಒಬ್ಬಳು "ಮನುಷ್ಯ ಎಲ್ಲಿ?" ಅಂತ ಬರೆದಳು. ಪಾಠ ಅರ್ಧ ಅಲ್ಲೇ ಆಯ್ತು.

ಎರಡನೇ ವಾರ ನಮ್ಮೂರಿನದೇ ಕತೆ. ಬಲಂ ಸೀಮೆಯ ಪಾಳೇಗಾರ ಕೃಷ್ಣಪ್ಪ ನಾಯಕ, ಐಗೂರಿನವನು. ಟಿಪ್ಪು ಸತ್ತ ಮೇಲೂ ಈ ಕಾಡು ಬೆಟ್ಟದಲ್ಲಿ ಕಂಪನಿಗೆ ಬಗ್ಗದೆ ನಿಂತವನು. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅರಕೆರೆಯ ನೆಲೆ ಮುರೀತು, ನಾಯಕನನ್ನ ಹಿಡಿದು ಗಲ್ಲಿಗೇರಿಸಿದ್ರು. ಕಂಪನಿಯ ಕಾಗದಗಳಲ್ಲಿ ಆತ ದಂಗೆಕೋರ, ಇವತ್ತಿನ ಭಾಷಣಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರ. ಮಕ್ಕಳನ್ನ ಎರಡು ಗುಂಪು ಮಾಡಿ, ಒಂದೇ ಗಲ್ಲಿನ ಸುದ್ದಿಗೆ ಎರಡು ಡಂಗುರ ಬರೆಸಿದೆ. ಒಂದು ಕಂಪನಿಯದು, ಒಂದು ನಾಯಕನ ಕಡೆಯವರದು. ಎರಡನ್ನೂ ತಮಟೆ ಬಡಿದೇ ಓದಿದ್ರು. ಆಮೇಲೆ ನಾನು ಕೇಳಿದ್ದು ಒಂದೇ: ಈ ತಮಟೆ ಬಡಿಯೋನು ಯಾರು? ಅವನ ಮಾತು ಎರಡರಲ್ಲಿ ಯಾವುದರಲ್ಲಿದೆ? ಎರಡರಲ್ಲೂ ಇಲ್ಲ. ಮಕ್ಕಳು ತಾವೇ ಮೂರನೇದೊಂದು ಬರೆದ್ರು.

ಇಲ್ಲೀವರೆಗೆ ಸುಲಭ. ಮೂರನೇ ವಾರ ಭೀಮಾ ಕೋರೆಗಾಂವ್ ತಗೊಂಡೆ. ಗಲಾಟೆ ಶುರುವಾಗಿದ್ದು ಇಲ್ಲಿ.

ನಾವು ಮಹಾರರಲ್ಲ, ಇಲ್ಲಿನ ಬಲಗೈ ಎಡಗೈಯವರು. ಆದ್ರೂ ಪ್ರತಿ ಜನವರಿ 1ಕ್ಕೆ ಆ ಕಂಬದ ಫ್ಲೆಕ್ಸ್ ನಮ್ಮ ಊರುಗಳಲ್ಲೂ ಏಳುತ್ತೆ, ಏಳಬೇಕು. ಫ್ಲೆಕ್ಸಿನ ಮೇಲೆ 500 ಮಹಾರರು 28,000 ಪೇಶ್ವೆ ಸೈನಿಕರನ್ನ ಸೋಲಿಸಿದ್ರು ಅಂತಿರುತ್ತೆ. ಲೆಕ್ಕ ಹೀಗಿದೆ: 1818ರ ಜನವರಿ 1ರಂದು ಕ್ಯಾಪ್ಟನ್ ಸ್ಟಾಂಟನ್ ಕೈಕೆಳಗೆ ಇದ್ದವರು ಸುಮಾರು 800 ಚಿಲ್ಲರೆ. ಅದರಲ್ಲಿ ಬಾಂಬೆ ಕಾಲ್ದಳದ ಸುಮಾರು 500 ಜನ, ಉಳಿದವರು ಕುದುರೆ ಸವಾರರು, ಮದ್ರಾಸಿನ ಫಿರಂಗಿಯವರು. ಕಾಲ್ದಳದಲ್ಲಿ ಮಹಾರರು ದೊಡ್ಡ ಸಂಖ್ಯೆಯಲ್ಲಿದ್ರು, ಆದರೆ ಎಲ್ಲರೂ ಮಹಾರರಲ್ಲ. ಆ ಕಡೆ ಪೇಶ್ವೆಯ ಒಟ್ಟು ಸೈನ್ಯ 28,000 ಇದ್ರೂ ನಿಜವಾಗಿ ಕಾದಾಟಕ್ಕೆ ಇಳಿದದ್ದು ಎರಡು ಸಾವಿರದಷ್ಟು. ಅನ್ನ ನೀರಿಲ್ಲದೆ ಇಡೀ ದಿನ ನಿಂತು ಕಾದ ಆ ಜನರ ಕೆಚ್ಚು ಇದರಿಂದ ಒಂದು ಗುಲಗಂಜಿಯಷ್ಟೂ ಕಮ್ಮಿ ಆಗಲ್ಲ.

1821ರಲ್ಲಿ ಕಂಬಕ್ಕೆ ಅಡಿಗಲ್ಲು ಹಾಕಿಸಿದ್ದು ಕಂಪನಿ. ಪೂರ್ವ ದೇಶಗಳಲ್ಲಿ ತನ್ನ ಸೈನ್ಯ ಗಳಿಸಿದ ಹೆಮ್ಮೆಯ ಜಯ ಅಂತ ಅದರ ಮೇಲೆ ಕೊಚ್ಚಿಕೊಂಡಿದೆ. ಪೇಶ್ವೆ ರಾಜ್ಯದಲ್ಲಿ ನಮ್ಮ ಜನರ ಕುತ್ತಿಗೆಗೆ ಮಡಕೆ ಕಟ್ಟಿದ ಮಾತು ಅಲ್ಲಿಲ್ಲ, ಕಂಪನಿಗೆ ಅದು ಬೇಕಾಗಿರಲಿಲ್ಲ. ಆದರೆ ಸತ್ತವರ ಹೆಸರು ಕೆತ್ತಿದ್ರು. 49 ಹೆಸರಲ್ಲಿ 22 "ನಾಕ್" ಅಂತ ಮುಗಿಯೋವು, ಮಹಾರರ ಹೆಸರುಗಳು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿ ಹೋಗಿ ನಿಂತಾಗ ಓದಿದ್ದು ಈ ಹೆಸರುಗಳನ್ನ ಅಂತ ನಾನು ನಂಬ್ತೀನಿ. ಮೂರು ತಿಂಗಳಿಗೆ ಮಹಾಡ್ ಕೆರೆ ಆಯ್ತು.

ಮಕ್ಕಳು ರಟ್ಟಿನಲ್ಲಿ ನಾಲ್ಕು ಮುಖದ ಕಂಬ ಮಾಡಿದ್ರು. ಒಂದು ಮುಖ 1821ರ ಕಂಪನಿ ಅಧಿಕಾರಿ ಬರೀಬೇಕು, ಒಂದು ಸತ್ತ ಸಿಪಾಯಿಯ ಹೆಂಡತಿ, ಒಂದು 1892ರ ಸೇನಾ ಕಚೇರಿ, ಒಂದು 1927ರಲ್ಲಿ ಅಲ್ಲಿಗೆ ಹೋದವರು. ಹೆಂಡತಿಯ ಮುಖದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಬರೆದದ್ದು: "ಹೆಸರು ಕೆತ್ತಿದ್ದೀರಿ, ಪಿಂಚಣಿ ಎಷ್ಟು?" 1892ರ ಮುಖ ಸಿಕ್ಕ ಹುಡುಗ ಏನೂ ಬರೀಲಿಲ್ಲ. ನಾಕ್ ಹೆಸರುಗಳ ಮೇಲೆ ಬಿಳೀ ಹಾಳೆ ಅಂಟಿಸಿ ತಂದ.

ಯಾಕೆ 1892? ಆ ಹೊತ್ತಿಗೆ ಬ್ರಿಟಿಷರು "ವೀರ ಜನಾಂಗ" ಅನ್ನೋ ಸಿದ್ಧಾಂತ ಹಿಡಿದು ಮಹಾರರನ್ನ ಸೈನ್ಯಕ್ಕೆ ತಗೊಳ್ಳೋದನ್ನೇ ನಿಲ್ಲಿಸಿದ್ರು. ಕಂಬದ ಮೇಲೆ ಹೊಗಳಿದ್ದ ಅದೇ ಜನ ಕಾದೋಕೆ ಲಾಯಕ್ಕಿಲ್ಲದವರಾದ್ರು. ನನ್ನ ಪ್ರಕಾರ ಯುದ್ಧ ಪ್ರಚಾರದ ಅತಿ ದೊಡ್ಡ ಸುಳ್ಳು ಯಾವ ಪೋಸ್ಟರಿನಲ್ಲೂ ಇಲ್ಲ, ಈ ಸಿದ್ಧಾಂತದಲ್ಲಿದೆ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರರು, ಸೇನಾ ಶಾಲೆಯ ಮೇಷ್ಟ್ರು. ಅಕ್ಷರ, ಸಂಬಳ ಎರಡೂ ಬಂದ ಬಾಗಿಲು ಅದು. ಗೋಪಾಲ್ ಬಾಬಾ ವಲಂಗ್ಕರ್, ಶಿವರಾಂ ಜಾನ್ಬಾ ಕಾಂಬ್ಳೆ ಇಂಥವರು ಅದನ್ನ ಮತ್ತೆ ತೆಗೆಸೋಕೆ ಮನವಿ ಮೇಲೆ ಮನವಿ ಬರೆದ್ರು. ಮಹಾಯುದ್ಧದಲ್ಲಿ ಆಳು ಸಾಲದಾದಾಗ, 1917ರಲ್ಲಿ 111ನೇ ಮಹಾರ್ ದಳ ಕಟ್ಟಿದ್ರು. ಯುದ್ಧ ಮುಗೀತು, 1921ರೊಳಗೆ ಅದನ್ನೂ ಮುಚ್ಚಿದ್ರು.

ಮುಂದಿನದು ನಮ್ಮ ಕರ್ನಾಟಕದ ನೆಲದಲ್ಲೇ ಆಗಿದ್ದು. 1941ರ ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿತು. ಟೋಪಿಯ ಮೊದಲ ಬ್ಯಾಡ್ಜಿನಲ್ಲಿ ಕೋರೆಗಾಂವ್ ಕಂಬವೇ ಇತ್ತು. ಆಮೇಲೆ ಆ ಜಾಗಕ್ಕೆ ಕಠಾರಿ ಬಂತು. ಆ ವರ್ಷವೇ ವೈಸರಾಯ್ ನೇಮಿಸಿದ ರಕ್ಷಣಾ ಮಂಡಳಿಯಲ್ಲಿದ್ದ ಬಾಬಾಸಾಹೇಬರು ಸೈನ್ಯಕ್ಕೆ ಸೇರಿ ಅಂತ ಕರೆ ಕೊಟ್ಟಿದ್ರು. ಹಿಟ್ಲರ್ ಗೆದ್ರೆ ನಮಗೆ ಉಳಿಗಾಲವಿಲ್ಲ ಅನ್ನೋದೂ ಅವರ ಮಾತು, ಈ ಅವಕಾಶ ಬಿಡಬೇಡಿ ಅನ್ನೋದೂ ಅವರ ಮಾತು. ಇದೂ ಪ್ರಚಾರವಾ? ಮಕ್ಕಳನ್ನ ಎರಡು ಸಾಲಲ್ಲಿ ನಿಲ್ಲಿಸಿ ವಾದ ಮಾಡಿಸಿದೆ, ಮಧ್ಯದಲ್ಲಿ ಸಾಲು ಬದಲಿಸಬಹುದು ಅಂತ ನಿಯಮ. ನಾಲ್ಕು ಜನ ಬದಲಿಸಿದ್ರು, ಇಬ್ಬರು ವಾಪಸ್ ಬಂದ್ರು. ನನ್ನ ಅಭಿಪ್ರಾಯ ಕೇಳಿದ್ರು. ಕಂಪನಿಗೆ ಏನು ಬೇಕು ಅನ್ನೋದನ್ನ ಕಂಬ ಮುಚ್ಚಿಟ್ಟಿದೆ, ಬಾಬಾಸಾಹೇಬರು ನಮಗೇನು ಸಿಗಬೇಕು ಅನ್ನೋದನ್ನ ಬಾಯಿಬಿಟ್ಟೇ ಹೇಳಿದ್ರು ಅಂದೆ. ಎಲ್ಲರೂ ಒಪ್ಪಲಿಲ್ಲ, ಒಪ್ಪಲೇಬೇಕು ಅಂತಲೂ ಇಲ್ಲ.

ಸಂಘಟನೆಯ ಹಿರಿಯಣ್ಣ ಒಬ್ರು ಫೋನ್ ಮಾಡಿ ಬೈದ್ರು. "ಎದೆಯುಬ್ಬಿಸಿ ಹೇಳ್ಕೊಳ್ಳೋಕೆ ಮಕ್ಕಳಿಗೆ ಇರೋದೊಂದು ಕತೆ, ಅದನ್ನೂ ಕುಯ್ದು ನೋಡ್ತೀಯೇನಪ್ಪಾ?" ಅಣ್ಣನ ಸಂಕಟ ನನಗೂ ಅರ್ಥ ಆಗುತ್ತೆ. 2018ರಲ್ಲಿ, 200ನೇ ವರ್ಷಕ್ಕೆ ಅಲ್ಲಿ ಹೋದ ನಮ್ಮ ಜನರ ಮೇಲೆ ಕಲ್ಲು ಬಿತ್ತು. ಆದರೆ ಅಣ್ಣಾ, ನಮ್ಮ ಹುಡುಗ ಹಾಸನದ ಕಾಲೇಜಿಗೆ ಹೋದ ಮೊದಲ ವಾರವೇ ಯಾರೋ ಒಬ್ಬ "28,000 ಸುಳ್ಳು, ನೀವು ಬ್ರಿಟಿಷರ ಕೂಲಿಗಳು" ಅಂತಾನೆ. ಲೆಕ್ಕ ಗೊತ್ತಿಲ್ಲದ ಹುಡುಗ ಬಾಯಿ ಮುಚ್ಕೊಂಡು ಬರ್ತಾನೆ. ಕಂಬ ಕಟ್ಟಿದವರು ಯಾರು, ಯಾಕೆ, 1892ರಲ್ಲಿ ಏನು ಮಾಡಿದ್ರು ಅಂತ ಗೊತ್ತಿರೋ ಹುಡುಗಿ ಅವನನ್ನ ಕೂರಿಸಿ ಪಾಠ ಮಾಡ್ತಾಳೆ.

ಈ ಜನವರಿ 1ಕ್ಕೆ ರಟ್ಟಿನ ಕಂಬ ಹೊರಗಿಡ್ತೀವಿ. ಕಾಫಿ ಕೊಯ್ಲಿನ ಕಾಲ, ಹಗಲು ಯಾರೂ ಸಿಗಲ್ಲ, ಸಂಜೆ ಆರಕ್ಕೆ ಬನ್ನಿ. ಬೆಳಗಾವಿ ಕಡೆಯ ಗೆಳೆಯರೇ, ನಿಮ್ಮ ಮನೆಗಳಲ್ಲಿ ಮಹಾರ್ ರೆಜಿಮೆಂಟಿನಲ್ಲಿದ್ದ ಅಜ್ಜಂದಿರ ಫೋಟೋ, ಕಾಗದ, ಹಳೇ ಬ್ಯಾಡ್ಜ್ ಇದ್ರೆ ಒಂದು ಚಿತ್ರ ತೆಗೆದು ಇನ್‌ಬಾಕ್ಸ್‌ಗೆ ಕಳಿಸಿ. ಕಂಬ ಇರೋ ಬ್ಯಾಡ್ಜ್ ಸಿಕ್ಕರೆ ಮಕ್ಕಳು ಕುಣಿದಾಡ್ತಾರೆ.